‘ರಾಷ್ಟ್ರೀಕರಣ’ ಎಂದು ಬರೆಯುವ ಮುನ್ನ

ನಾನು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಉಪಸಂಪಾದಕಿಯಾಗಿದ್ದಾಗ ಒಂದು ಬೆಳಿಗ್ಗೆ ರೈತರೊಬ್ಬರು ಆ ದಿನದ ಸಂಚಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದು ಬಂದರು. ಹೆದ್ದಾರಿಗೆಂದು ಸರ್ಕಾರ ಅವರ ತೆಂಗಿನ ತೋಟವನ್ನು ತೆಗೆದುಕೊಂಡಿತ್ತು. ನಾನು ಕೊಟ್ಟ ಶೀರ್ಷಿಕೆಯಲ್ಲಿ ‘ಜಮೀನು ಮುಟ್ಟುಗೋಲು’ ಎಂದಿತ್ತು. ಆ ಪದದ ಮೇಲೆ ಬೆರಳಿಟ್ಟು, “ತಾಯಿ, ನಾನು ಯಾರ ಮನೆಯಲ್ಲಿ ಏನು ಕದ್ದಿದ್ದೆ? ಸಂತೆಯಲ್ಲಿ ಕೇಳಿದವರಿಗೆ ಏನು ಹೇಳಲಿ?” ಎಂದರು. ಮರುದಿನ ತಿದ್ದುಪಡಿ ಅಚ್ಚಾಯಿತು. ಆದರೆ ಆ ಬೆರಳು ಇಂದಿಗೂ ನನ್ನ ಕಣ್ಣ ಮುಂದಿದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಸರ್ಕಾರದ ಸ್ವಾಧೀನಕ್ಕೆ ಸಂಬಂಧಿಸಿದ ಪದಗಳನ್ನು ಹೇಳಿಕೊಡಲು ಕುಳಿತಾಗಲೆಲ್ಲ ಅಲ್ಲಿಂದಲೇ ಶುರು ಮಾಡುತ್ತಿದ್ದೆ.

ಮೊದಲು ‘ರಾಷ್ಟ್ರೀಕರಣ’ವನ್ನು ಬಿಡಿಸಿ ನೋಡಿ. ಶುದ್ಧವಲ್ಲದ್ದನ್ನು ಶುದ್ಧ ಮಾಡಿದರೆ ಶುದ್ಧೀಕರಣ, ಸರಳವಲ್ಲದ್ದನ್ನು ಸರಳ ಮಾಡಿದರೆ ಸರಳೀಕರಣ. ಹಾಗೆಯೇ ಈವರೆಗೆ ರಾಷ್ಟ್ರದ್ದಲ್ಲದ್ದು ರಾಷ್ಟ್ರದ್ದಾದರೆ ರಾಷ್ಟ್ರೀಕರಣ. ‘ಮೊದಲು ಅಲ್ಲದ್ದು ಈಗ ಆಯಿತು’ ಎಂಬ ಅರ್ಥ ಆ ದೀರ್ಘ ‘ಈ’ಕಾರದಲ್ಲೇ ಕುಳಿತಿದೆ. ಆದ್ದರಿಂದ ಸರ್ಕಾರವೇ ಹುಟ್ಟುಹಾಕಿದ ಉದ್ಯಮಕ್ಕೆ ಈ ಪದ ಸಲ್ಲದು. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯನ್ನು ಯಾರೂ ರಾಷ್ಟ್ರೀಕರಣ ಮಾಡಲಿಲ್ಲ, ಅದು ಹುಟ್ಟಿನಿಂದಲೇ ಸರ್ಕಾರದ್ದು. ‘ರಾಷ್ಟ್ರೀಯಕರಣ’ ಎಂದು ಬರೆಯುವವರಿದ್ದಾರೆ, ಅದನ್ನು ಬಿಡಿ. ಕ್ರಿಯಾಪದ ಬೇಕಾದರೆ ‘ರಾಷ್ಟ್ರೀಕರಿಸು’, ವಿಶೇಷಣ ಬೇಕಾದರೆ ‘ರಾಷ್ಟ್ರೀಕೃತ’.

ಪದ ಸರಿಯಾಗಿ ಕೂರುವ ಜಾಗಕ್ಕೆ ಬ್ಯಾಂಕುಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನನ್ನ ತಂದೆಯ ಎರಡು ಪಾಸ್‌ಪುಸ್ತಕಗಳು ನನ್ನ ಬಳಿ ಇವೆ. ಹಳೆಯದರಲ್ಲಿ ಬ್ಯಾಂಕಿನ ಹೆಸರಿನ ಕೊನೆಗೆ ‘ಲಿಮಿಟೆಡ್’ ಇದೆ, ಹೊಸದರಲ್ಲಿ ಇಲ್ಲ. ಶಾಖೆ ಅದೇ, ಖಾತೆ ಅದೇ, ಷೇರುದಾರರ ಕಂಪನಿ ಮಾತ್ರ ಹೋಗಿದೆ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ಹೀಗೆ ಕೈ ಬದಲಾದವು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ನಮ್ಮ ಕರಾವಳಿಯಲ್ಲಿ ಹುಟ್ಟಿದವು. 1980ರ ಏಪ್ರಿಲ್‌ನಲ್ಲಿ ಇನ್ನೂ ಆರು ಸೇರಿದವು, ಅವುಗಳಲ್ಲಿಯೂ ಕಾರ್ಪೊರೇಷನ್ ಮತ್ತು ವಿಜಯಾ ಅಲ್ಲಿಯವೇ. ಒಂದು ಕರಾವಳಿ ನಾಲ್ಕು ಬ್ಯಾಂಕುಗಳನ್ನು ಬೆಳೆಸಿ ದೇಶಕ್ಕೆ ಕೊಟ್ಟದ್ದನ್ನು ನೆನೆದರೆ ನನಗೆ ಹೆಮ್ಮೆ.

ವಿಚಿತ್ರವೆಂದರೆ ಆ ಬ್ಯಾಂಕುಗಳನ್ನು ಸರ್ಕಾರದ್ದಾಗಿಸಿದ ಕಾಯ್ದೆಯ ಹೆಸರಿನಲ್ಲಿ ‘ರಾಷ್ಟ್ರೀಕರಣ’ ಎಂಬ ಮಾತೇ ಇಲ್ಲ. ಅಲ್ಲಿರುವುದು ಬ್ಯಾಂಕಿಂಗ್ ಕಂಪನಿಗಳ ಉದ್ಯಮದ ‘ಸ್ವಾಧೀನ ಮತ್ತು ವರ್ಗಾವಣೆ’. 1973ರ ಕಲ್ಲಿದ್ದಲು ಗಣಿಗಳ ಕಾಯ್ದೆಯ ಹೆಸರಿನಲ್ಲಿ ಆ ಪದ ಇದೆ. ಹಾಗಾಗಿ ಕಾಯ್ದೆಯನ್ನು ಹೆಸರಿಸುವಾಗ ಅದರಲ್ಲಿರುವ ಮಾತನ್ನೇ ಬಳಸಿ, ಘಟನೆಯನ್ನು ಹೇಳುವಾಗ ರಾಷ್ಟ್ರೀಕರಣ ಎನ್ನಿ. ಇನ್ನೊಂದು ಮಾತು, ರಾಷ್ಟ್ರೀಕರಣವೆಂದರೆ ಸುಮ್ಮನೆ ಕಿತ್ತುಕೊಳ್ಳುವುದಲ್ಲ. ಪರಿಹಾರದ ಪ್ರಶ್ನೆಯೂ ಒಂದು ಕಾರಣವಾಗಿ ಸುಪ್ರೀಂ ಕೋರ್ಟ್ 1970ರ ಫೆಬ್ರುವರಿ 10ರಂದು ಬ್ಯಾಂಕುಗಳ ಮೊದಲ ಕಾಯ್ದೆಯನ್ನು ರದ್ದು ಮಾಡಿತು. ಸರ್ಕಾರ ನಾಲ್ಕೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ತಂದಿತು.

‘ರಾಷ್ಟ್ರ’ ಎಂದಿರುವುದರಿಂದ ಕೇಂದ್ರ ಸರ್ಕಾರವೇ ಆಗಬೇಕೆಂದಿಲ್ಲ. ಕೋಲಾರದ ಚಿನ್ನದ ಗಣಿಗಳನ್ನು 1956ರಲ್ಲಿ ವಹಿಸಿಕೊಂಡದ್ದು ಮೈಸೂರು ರಾಜ್ಯ ಸರ್ಕಾರ, ಅದನ್ನೂ ರಾಷ್ಟ್ರೀಕರಣ ಎನ್ನುತ್ತೇವೆ. ಅವು 1962ರಲ್ಲಿ ಕೇಂದ್ರಕ್ಕೆ ಹೋದದ್ದು ಬರಿಯ ಹಸ್ತಾಂತರ. ಖಾಸಗಿ ಬಸ್ಸುಗಳನ್ನು ಬಿಡಿಸಿ ಸರ್ಕಾರಿ ಬಸ್ಸುಗಳಿಗೆ ಕೊಟ್ಟ ರಸ್ತೆಗೂ ‘ರಾಷ್ಟ್ರೀಕೃತ ಮಾರ್ಗ’ ಎಂಬ ಹೆಸರಿದೆ.

ಇನ್ನು ಆ ತೆಂಗಿನ ತೋಟ. ಸಾರ್ವಜನಿಕ ಉದ್ದೇಶಕ್ಕೆ ಪರಿಹಾರ ಕೊಟ್ಟು ಜಮೀನು ಪಡೆದರೆ ‘ಭೂಸ್ವಾಧೀನ’. ಕಳೆದುಕೊಂಡವರ ತಪ್ಪೇನೂ ಅಲ್ಲಿರುವುದಿಲ್ಲ. ‘ಮುಟ್ಟುಗೋಲು’ ಎಂದರೆ ಅಪರಾಧದ್ದೋ ಬಾಕಿಯದ್ದೋ ನೆರಳು ಬೀಳುತ್ತದೆ. ಅಕ್ರಮ ಗಳಿಕೆಯ ಆಸ್ತಿಗೆ ಅದು ಸರಿ. ‘ಜಪ್ತಿ’ ಕಣ್ಣೆದುರಿನ ವಸ್ತುವನ್ನು ಹಿಡಿಯುವ ಮಾತು: ಚೆಕ್‌ಪೋಸ್ಟಿನಲ್ಲಿ ದಾಖಲೆಯಿಲ್ಲದ ನಗದು, ಮರಳಿನ ಲಾರಿ. ಅಪಘಾತದ ಪರಿಹಾರ ಕೊಡದಿದ್ದರೆ ನ್ಯಾಯಾಲಯದ ಅಮೀನರು ಸರ್ಕಾರಿ ಬಸ್ಸನ್ನೇ ಜಪ್ತಿ ಮಾಡುವುದುಂಟು. ಸಂಸ್ಥೆಯೊಂದಕ್ಕೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಿದರೆ ಈ ಮೂರರಲ್ಲಿ ಯಾವುದೂ ಅಲ್ಲ, ಆಡಳಿತ ಬದಲಾಗಿದೆ, ಒಡೆತನವಲ್ಲ. ‘ಆಡಳಿತವನ್ನು ವಹಿಸಿಕೊಂಡಿತು’ ಎಂದು ಬರೆದರೆ ಸಾಕು.

ಬರೆಯುವಾಗ ಗೊಂದಲವಾದರೆ ಕೇಳಿಕೊಳ್ಳಿ: ಒಡೆತನ ಹೋಯಿತೇ? ಪರಿಹಾರ ಉಂಟೇ? ತಪ್ಪಿನ ಆರೋಪ ಉಂಟೇ? ಉತ್ತರ ಗೊತ್ತಿಲ್ಲದಿದ್ದರೆ ವರದಿಗಾರರಿಗೆ ಫೋನ್ ಮಾಡಿ, ಊಹೆಯಿಂದ ಶೀರ್ಷಿಕೆ ಕೊಡಬೇಡಿ.

ಎದುರು ದಿಕ್ಕಿನ ಪದ ‘ಖಾಸಗೀಕರಣ’. ಇಲ್ಲಿಯೂ ಒಂದು ಎಚ್ಚರ ಬೇಕು. ಟಾಟಾ ಕಟ್ಟಿದ ಏರ್ ಇಂಡಿಯಾ 1953ರಲ್ಲಿ ರಾಷ್ಟ್ರೀಕರಣಗೊಂಡು 2022ರ ಜನವರಿಯಲ್ಲಿ ಮತ್ತೆ ಟಾಟಾ ಸಮೂಹಕ್ಕೆ ಹೋಯಿತು. ಅದನ್ನು ‘ಟಾಟಾಗೆ ಹಿಂತಿರುಗಿಸಲಾಯಿತು’ ಎಂದು ಬರೆದ ಪ್ರತಿಯನ್ನು ನಾನಾಗಿದ್ದರೆ ‘ಮಾರಲಾಯಿತು’ ಎಂದು ತಿದ್ದುತ್ತಿದ್ದೆ. ಟಾಟಾ ಅದನ್ನು ಬಿಡ್ ಸಲ್ಲಿಸಿ, ಬೆಲೆ ಕೊಟ್ಟು ಕೊಂಡಿದೆ.