ಹತ್ತು ನಿಮಿಷ, ಎರಡು ಪ್ಯಾರಾ: ಪೋಷಕರಿಗೆ ಏಳನೇ ತರಗತಿಯ ಇಂಗ್ಲಿಷ್ ಪರಿಚಯಿಸುವ ಬಗೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಮಿಡ್ಲ್ ಸ್ಕೂಲ್‌ಗಳಲ್ಲಿ ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಒಂದು ಸಂಜೆ ‘ಬ್ಯಾಕ್ ಟು ಸ್ಕೂಲ್ ನೈಟ್’ ಇರುತ್ತದೆ. ಅಪ್ಪ ಅಮ್ಮಂದಿರು ಮಕ್ಕಳ ಟೈಮ್‌ಟೇಬಲ್ ಹಿಡಿದುಕೊಂಡು, ಬೆಲ್ ಆದಂತೆಲ್ಲ ಒಂದೊಂದು ಕೋಣೆಗೆ ಹೋಗುತ್ತಾರೆ. ನಾನು ಕಲಿಸುವುದು ಏಳನೇ ತರಗತಿಗೆ ಇಂಗ್ಲಿಷ್ ಲ್ಯಾಂಗ್ವೇಜ್ ಆರ್ಟ್ಸ್. ಒಂದು ಪೀರಿಯಡ್ಡಿಗೆ ಹತ್ತು ನಿಮಿಷ ಎಂದಿದ್ದರೂ ದಾರಿ ತಪ್ಪಿ ತಡವಾಗಿ ಬರುವವರನ್ನು ಕಳೆದರೆ ಕೈಗೆ ಸಿಗುವುದು ಏಳೇ. ಅಷ್ಟರಲ್ಲಿ ನಿಯಮಗಳ ಸ್ಲೈಡ್ ಓದುತ್ತ ನಿಂತರೆ ಮುಗಿಯಿತು. ತಡವಾದ ಹೋಮ್‌ವರ್ಕಿಗೆ ಎಷ್ಟು ಅಂಕ ಕಡಿತ ಎಂಬುದೆಲ್ಲ ಅವರು ಸಹಿ ಹಾಕಿ ಕಳಿಸಿದ ಸಿಲಬಸ್ಸಿನಲ್ಲೇ ಇದೆ. ನಾನು ಅವರ ಕೈಗೆ ಎರಡು ಪ್ಯಾರಾ ಕೊಟ್ಟು ಮೌಲ್ಯಮಾಪನ ಮಾಡಿಸುತ್ತೇನೆ.

ಪ್ರತಿ ಡೆಸ್ಕಿನ ಮೇಲೂ ಅರ್ಧ ಲೆಟರ್ ಸೈಜಿನ ಒಂದು ಹಾಳೆ, ಒಂದು ಪೆನ್ಸಿಲ್, ಮೂರು-ಐದು ಇಂಚಿನ ಒಂದು ಕಾರ್ಡು. ಜೊತೆಗೆ ಮಗು ಹಿಂದಿನ ದಿನವೇ ಬರೆದಿಟ್ಟ ಹೆಸರಿನ ಚೀಟಿ, ಹಾಗಾಗಿ ಅಪ್ಪ ಅಮ್ಮ ಕೂರುವುದು ಮಗುವಿನ ಜಾಗದಲ್ಲೇ. ಪೆನ್ನಿನ ಬದಲು ಪೆನ್ಸಿಲ್ ಇಡುವುದಕ್ಕೆ ಕಾರಣವಿದೆ: ಕೊಟ್ಟ ಅಂಕವನ್ನು ಅವರು ಅಳಿಸಿ ತಿದ್ದಬೇಕಾಗುತ್ತದೆ.

ಹಾಳೆಯ ಒಂದು ಬದಿಗೆ ಎರಡು ಪ್ಯಾರಾ. ಎರಡನ್ನೂ ನಾನೇ ಬರೆಯುತ್ತೇನೆ. ವಿದ್ಯಾರ್ಥಿಯ ಬರಹವನ್ನು ಹೆಸರು ತೆಗೆದು ಹಾಕಿದರೂ ಪಕ್ಕದ ಬೆಂಚಿನವರಿಗೆ ಗುರುತು ಸಿಕ್ಕಿಬಿಡುತ್ತದೆ. ವಿದ್ಯಾರ್ಥಿಯ ದಾಖಲೆ ಗುಟ್ಟಾಗಿರಬೇಕೆಂದು ಹೇಳುವ 1974ರ ಫೆರ್ಪಾ ಕಾನೂನೂ ಇದೆ. ವಿಷಯ ಎಲ್ಲರ ಮನೆಗೂ ಗೊತ್ತಿರುವುದೇ: ಶಾಲೆ ಬೆಳಿಗ್ಗೆ ಎಷ್ಟು ಗಂಟೆಗೆ ಶುರುವಾಗಬೇಕು? 2022ರ ಜುಲೈಯಿಂದ ಜಾರಿಗೆ ಬಂದ ಎಸ್‌ಬಿ 328 ಕಾನೂನಿನ ಪ್ರಕಾರ ಈ ರಾಜ್ಯದಲ್ಲಿ ಮಿಡ್ಲ್ ಸ್ಕೂಲ್ ಎಂಟು ಗಂಟೆಗಿಂತ ಮೊದಲು, ಹೈಸ್ಕೂಲ್ ಎಂಟೂವರೆಗಿಂತ ಮೊದಲು ಶುರುವಾಗುವಂತಿಲ್ಲ. ಗ್ರಾಮೀಣ ಶಾಲಾ ಜಿಲ್ಲೆಗಳಿಗೆ ಮಾತ್ರ ವಿನಾಯಿತಿ. ಪರ ವಿರೋಧ ಎರಡಕ್ಕೂ ಜಾಗವಿದೆ, ರಾಜಕೀಯ ಜಗಳವಿಲ್ಲ.

ಪ್ಯಾರಾ ‘ಎ’ಯಲ್ಲಿ ಒಂದೂ ಕಾಗುಣಿತದ ತಪ್ಪಿಲ್ಲ. ನಿದ್ದೆ ಆರೋಗ್ಯಕ್ಕೆ ಮುಖ್ಯ, ನಿದ್ದೆಗೆಟ್ಟರೆ ಗಮನ ಇರುವುದಿಲ್ಲ, ಆದ್ದರಿಂದ ತಡವಾಗಿ ಶುರುವಾಗುವುದೇ ಒಳ್ಳೆಯದು ಎಂದು ಒಂದೇ ಮಾತನ್ನು ಐದು ಚೆಂದದ ವಾಕ್ಯಗಳಲ್ಲಿ ತಿರುಗಿಸಿ ಹೇಳುತ್ತದೆ. ‘ಬಿ’ಯಲ್ಲಿ ‘ದೇರ್’ ಎಂಬುದರ ಸ್ಪೆಲಿಂಗ್ ತಪ್ಪು, ಎರಡು ಕಡೆ ಕಾಮಾ ಬಿಟ್ಟುಹೋಗಿದೆ. ಆದರೆ ತರಗತಿಯಲ್ಲಿ ಓದಿದ ಲೇಖನದ ಒಂದು ಸಾಲನ್ನು ಉಲ್ಲೇಖಿಸಿ, ಅದನ್ನು ಹೇಳಿದವರು ಯಾರೆಂದು ತಿಳಿಸಿ, ಆ ಸಾಲು ತನ್ನ ವಾದಕ್ಕೆ ಹೇಗೆ ಆಧಾರ ಎಂದು ಎರಡು ವಾಕ್ಯದಲ್ಲಿ ಬಿಡಿಸಿದೆ. ಸಂಜೆಯ ಆಟದ ಅಭ್ಯಾಸ ಕತ್ತಲಾಗುವವರೆಗೂ ಎಳೆಯುತ್ತದೆ ಎಂಬ ಎದುರು ಮಾತನ್ನೂ ಒಪ್ಪಿಕೊಂಡಿದೆ.

‘ಯಾವುದಕ್ಕೆ ಹೆಚ್ಚು ಅಂಕ?’ ಎಂದು ಕೈ ಎತ್ತಿಸಿದರೆ ಬಹುತೇಕ ಕೈಗಳು ‘ಎ’ಗೆ. ನಮ್ಮ ಕಡೆ ಓದಿ ಬಂದವರಂತೂ ಮಾತೇ ಇಲ್ಲದೆ ‘ಎ’. ಕೆಂಪು ಗೆರೆ ಬೀಳದ ಹಾಳೆಯೇ ಒಳ್ಳೆಯ ಇಂಗ್ಲಿಷ್ ಎಂದು ಕಲಿತವರು ನಾವು. ಆಮೇಲೆ ಹಾಳೆ ತಿರುಗಿಸಲು ಹೇಳುತ್ತೇನೆ. ಹಿಂಬದಿಯಲ್ಲಿ ರಾಜ್ಯದ ಸ್ಮಾರ್ಟರ್ ಬ್ಯಾಲೆನ್ಸ್‌ಡ್ ಪರೀಕ್ಷೆಯಲ್ಲಿ ವಾದಾತ್ಮಕ ಬರಹಕ್ಕೆ ಬಳಸುವ ರೂಬ್ರಿಕ್ಕಿನ, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂಬ ಪಟ್ಟಿಯ, ಸಾರವಿದೆ: ಉದ್ದೇಶ ಮತ್ತು ಜೋಡಣೆಗೆ 4, ಪುರಾವೆ ಮತ್ತು ವಿವರಣೆಗೆ 4, ಕಾಗುಣಿತ, ವ್ಯಾಕರಣ, ವಿರಾಮಚಿಹ್ನೆ ಎಲ್ಲ ಸೇರಿ 2. ಈ ಲೆಕ್ಕದಲ್ಲಿ ‘ಎ’ಗೆ ನಾನು ಕೊಡುವುದು 2, 1, 2, ಒಟ್ಟು 5. ‘ಬಿ’ಗೆ 3, 3, 1, ಒಟ್ಟು 7. ಪೂರ್ತಿ ಪ್ರಬಂಧಕ್ಕೆಂದು ಮಾಡಿದ ರೂಬ್ರಿಕ್ಕನ್ನು ಒಂದು ಪ್ಯಾರಾಕ್ಕೆ ಹಚ್ಚುವುದು ಕೊಂಚ ಎಳೆದಾಟವೇ ಸರಿ, ಆದರೆ ಏಳು ನಿಮಿಷಕ್ಕೆ ಇಷ್ಟು ಸಾಕು. ಪೆನ್ಸಿಲ್ ತಲೆಕೆಳಗಾಗುವುದು ಆಗಲೇ.

ಮಿಕ್ಕ ಸಮಯದಲ್ಲಿ ಬೋರ್ಡಿನ ಮೇಲೆ ಒಂದೇ ಸಾಲು. ಯಾವ ತರಗತಿಗೆ ಏನು ಬರಬೇಕೆಂದು ಹೇಳುವ ಕಾಮನ್ ಕೋರ್ ಮಾನದಂಡದ ಪ್ರಕಾರ ಓದಿದ್ದಕ್ಕೆ ಆರನೇ ತರಗತಿಯವರು ಪಠ್ಯದಿಂದ ಪುರಾವೆ ಕೊಡಬೇಕು, ಏಳರವರು ಹಲವು ಪುರಾವೆ ಕೊಡಬೇಕು, ಎಂಟರವರು ಇರುವುದರಲ್ಲಿ ಅತಿ ಗಟ್ಟಿಯಾದದ್ದನ್ನು ಆರಿಸಬೇಕು. ಎದುರು ವಾದವನ್ನು ಗುರುತಿಸಿ ಹೇಳಬೇಕೆಂಬ ಷರತ್ತು ಬರವಣಿಗೆಗೆ ಸೇರುವುದೂ ಏಳರಲ್ಲೇ. ಆರನೇ ತರಗತಿಯಲ್ಲಿ ‘ಎ’ ಗ್ರೇಡ್ ತರುತ್ತಿದ್ದ ಮಗು ಮೊದಲ ಪ್ರಬಂಧಕ್ಕೆ ‘ಬಿ’ ತಂದರೆ ಕಾರಣ ಸಾಮಾನ್ಯವಾಗಿ ಇದು. ಟ್ಯೂಷನ್ನಿಗೆ ಓಡುವ ಮೊದಲು ಇದಿಷ್ಟು ತಿಳಿದಿರಲಿ.

ಕೆಡುವುದು ಹೆಚ್ಚಾಗಿ ಪ್ರಶ್ನೆಯ ಹೊತ್ತಿನಲ್ಲಿ. ಯಾರಾದರೂ ಒಬ್ಬರು ‘ನನ್ನ ಮಗಳಿಗೆ ಇದೇಕೆ ಕಮ್ಮಿ ಬಂತು’ ಎಂದು ಶುರು ಮಾಡಿದರೆ ಉಳಿದವರ ಸಮಯ ಹೋಯಿತು. ಕಾರ್ಡು ಇರುವುದು ಅದಕ್ಕೇ: ಮಗುವಿನ ಹೆಸರು, ಪ್ರಶ್ನೆ, ಫೋನ್ ಬೇಕೋ ಇಮೇಲ್ ಬೇಕೋ. ಇದನ್ನು ಮೊದಲ ನಿಮಿಷದಲ್ಲೇ ಹೇಳಿಬಿಡಬೇಕು. ಕೊನೆಯಲ್ಲಿ ಹೇಳಿದರೆ ಬಾಯಿ ಮುಚ್ಚಿಸಿದಂತೆ ಕೇಳಿಸುತ್ತದೆ. ಅಂಕಗಳನ್ನು ಆನ್‌ಲೈನಿನಲ್ಲಿ ತೋರಿಸುವ ಗ್ರೇಡ್‌ಬುಕ್ ಪೋರ್ಟಲ್ ಬಗ್ಗೆ ಒಂದು ಮಾತು ಸಾಕು: ‘ಮಿಸ್ಸಿಂಗ್’ ಎಂದಿದ್ದರೆ ಮಗು ಕೊಟ್ಟಿಲ್ಲ, ಖಾಲಿ ಇದ್ದರೆ ನಾನು ಇನ್ನೂ ತಿದ್ದಿಲ್ಲ.

ಮನೆಯಲ್ಲಿ ಹೇಗೆ ಸಹಾಯ ಮಾಡಬೇಕು ಎಂಬುದಕ್ಕೆ ಒಂದು ಬೇಡ, ಒಂದು ಬೇಕು. ಮಗುವಿನ ವಾಕ್ಯ ತಿದ್ದಬೇಡಿ. ಯಾವ ನಿಮಿಷದಲ್ಲಿ ಎಷ್ಟು ಸಾಲು ಒಟ್ಟಿಗೆ ಬಂದು ಕೂತಿತು ಎಂಬುದನ್ನು ಗೂಗಲ್ ಡಾಕ್ಸಿನ ವರ್ಷನ್ ಹಿಸ್ಟರಿ ನನಗೆ ತೋರಿಸುತ್ತದೆ. ಬದಲಿಗೆ ‘ಇದು ಎಲ್ಲಿ ಬರೆದಿದೆ ತೋರಿಸು’, ‘ಅದರಿಂದ ಇದು ಹೇಗೆ ಸಾಬೀತಾಗುತ್ತೆ?’, ‘ಒಪ್ಪದವರು ಏನಂತಾರೆ?’ ಎಂದು ಕೇಳಿ. ಕನ್ನಡದಲ್ಲೇ ಕೇಳಿ, ಮಗು ಕನ್ನಡದಲ್ಲೇ ಉತ್ತರಿಸಲಿ. ತರ್ಕ ಗಟ್ಟಿಯಾದರೆ ಅದನ್ನು ಇಂಗ್ಲಿಷಿಗೆ ತರುವುದು ನನ್ನ ಜವಾಬ್ದಾರಿ.

ಬೆಂಗಳೂರಿನಿಂದ ಆಗಷ್ಟೇ ಬಂದು ಮಕ್ಕಳನ್ನು ಸೇರಿಸುತ್ತಿರುವವರು ಬಾಗಿಲ ಬಳಿ ಪಿಸುಗುಟ್ಟಿ ಕೇಳುವುದು ಹೋಮ್ ಲ್ಯಾಂಗ್ವೇಜ್ ಸರ್ವೆ ಬಗ್ಗೆ. ಮೊದಲ ಸಲ ದಾಖಲಾಗುವಾಗ ತುಂಬುವ ಆ ಫಾರಂನಲ್ಲಿ ನಾಲ್ಕು ಪ್ರಶ್ನೆ. ಮೊದಲ ಮೂರರಲ್ಲಿ ಯಾವುದಕ್ಕಾದರೂ ಇಂಗ್ಲಿಷ್ ಅಲ್ಲದ ಭಾಷೆ ಬರೆದರೆ ಮಗುವಿಗೆ ಸಾಮಾನ್ಯವಾಗಿ 30 ದಿನದೊಳಗೆ ಎಲ್ಪ್ಯಾಕ್ ಎಂಬ ಭಾಷಾ ಪರೀಕ್ಷೆ. ಅದಕ್ಕೆ ಹೆದರಿ ‘ಇಂಗ್ಲಿಷ್’ ಎಂದು ಬರೆಯುವವರಿದ್ದಾರೆ. ಕನ್ನಡ ಎಂದೇ ಬರೆಯಿರಿ ಎನ್ನುತ್ತೇನೆ. ಮಗುವಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಆ ಪರೀಕ್ಷೆ ಒಂದೇ ಸಲಕ್ಕೆ ಮುಗಿಯುತ್ತದೆ. ಬಾರದಿದ್ದರೆ ಸಿಗಬೇಕಾದ ಹೆಚ್ಚುವರಿ ಪಾಠ ಸಿಗುತ್ತದೆ. ಸುಳ್ಳು ಬರೆದರೆ ಆ ಪಾಠ ತಪ್ಪಿಹೋಗಿ, ಮಗು ನನ್ನ ಕೋಣೆಯ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತದೆ.

ಸಂಜೆ ಪಾಳಿಯ ಕೆಲಸದವರು, ಕೈಕೂಸು ಇರುವವರು ಬರಲಾಗುವುದಿಲ್ಲ. ಮರುದಿನ ಅದೇ ಹಾಳೆಯನ್ನು ಆ ಮಕ್ಕಳ ಕೈಗೆ ಕೊಟ್ಟು, ‘ಅಂಕ ಹಾಕಿಸಿಕೊಂಡು ಬಾ, ಯಾಕೆ ಅಂತ ನೀನೇ ವಿವರಿಸು’ ಎಂದು ಕಳಿಸುತ್ತೇನೆ. ಹಾಳೆಯ ಕೆಳಗೆ ಮೂರು ಬೆರಳಷ್ಟು ಜಾಗ ಖಾಲಿ ಬಿಟ್ಟಿರುತ್ತೇನೆ, ಅಪ್ಪ ಅಮ್ಮನಿಗೆ ವಾದ ಮಾಡಬೇಕೆನಿಸಿದರೆ ಬರೆಯಲು.