ಇಬ್ಬರೂ ದುಡಿಯುವ ಮನೆಯಲ್ಲಿ ದೋಸೆ ಹಿಟ್ಟು ಯಾರ ಪಾಲು?

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವವರಿರಲಿ, ವೈಟ್‌ಫೀಲ್ಡಿನ ಆಫೀಸಿಗೆ ಹೋಗುವವರಿರಲಿ, "ಏನಾದ್ರೂ ಮಾಡ್ಕೊಡ್ಲಾ?" ಅಂತ ಗಂಡ ಕೇಳಿದ ಮಾತ್ರಕ್ಕೆ ಹೆಂಡತಿಯ ಹೊರೆ ಇಳಿಯುವುದಿಲ್ಲ. ಏನು ಮಾಡಬೇಕೆಂದು ಯೋಚಿಸುವ ಕೆಲಸ ಆಗಲೂ ಅವಳದೇ. ಒಂದು ಕೆಲಸವನ್ನು ಪೂರ್ತಿ ಬಿಟ್ಟುಕೊಡಿ. ದೋಸೆ ಹಿಟ್ಟಿನಿಂದ ಶುರುವಾಗಲಿ: ಉದ್ದಿನಬೇಳೆ ಮುಗಿಯುತ್ತಿದೆ ಎಂದು ಗಮನಿಸುವುದರಿಂದ ಗ್ರೈಂಡರ್ ತೊಳೆದಿಡುವವರೆಗೆ ಎಲ್ಲವೂ ಗಂಡನ ಪಾಲು.

ನಾಲ್ಕು ಲೋಟ ದೋಸೆ ಅಕ್ಕಿ, ಒಂದು ಲೋಟ ಉದ್ದಿನಬೇಳೆ, ಒಂದು ಚಮಚ ಮೆಂತ್ಯ. ಭಾನುವಾರ ಮಧ್ಯಾಹ್ನ ಅಕ್ಕಿ ಬೇರೆ, ಮೆಂತ್ಯ ಹಾಕಿದ ಬೇಳೆ ಬೇರೆ ನೆನೆಹಾಕಿ. ನಾಲ್ಕೈದು ಗಂಟೆ ಸಾಕು. ಮೊದಲು ಬೇಳೆಯನ್ನು ತಣ್ಣೀರು ಚಿಮುಕಿಸುತ್ತಾ ಅರ್ಧ ಗಂಟೆ ರುಬ್ಬಿ. ನೀರು ಒಮ್ಮೆಗೇ ಸುರಿದರೆ ಬೇಳೆ ಉಬ್ಬುವುದಿಲ್ಲ. ಮಿಕ್ಸಿಯಲ್ಲಿ ಹಿಟ್ಟು ಬಿಸಿಯಾಗುತ್ತದೆ, ಹಾಗಾಗಿ ಫ್ರಿಜ್ಜಿನ ನೀರೇ ಬೇಕು. ಅಕ್ಕಿ ರುಬ್ಬಿ, ಉಪ್ಪು ಹಾಕಿ, ಎರಡನ್ನೂ ಕೈಯಿಂದ ಕಲಸಿ. ಪಾತ್ರೆ ಅರ್ಧ ಖಾಲಿ ಇರಲಿ, ಇಲ್ಲದಿದ್ದರೆ ಬೆಳಿಗ್ಗೆ ಕಟ್ಟೆಯೆಲ್ಲ ಹಿಟ್ಟು.

ಬೆಂಗಳೂರಿನ ಹವೆಯೇ ಇಲ್ಲಿ ಎಡವಿಸುವುದು. ಡಿಸೆಂಬರ್, ಜನವರಿಯ ಚಳಿಯಲ್ಲಿ ಎಂಟು ಗಂಟೆಗೆ ಹಿಟ್ಟು ಏಳುವುದಿಲ್ಲ, ಹನ್ನೆರಡು ಗಂಟೆಯಾದರೂ ಬೇಕು. ಆಗ ಬೆಳಿಗ್ಗೆಯೇ ನೆನೆಹಾಕಿ, ಸಂಜೆ ಐದರೊಳಗೆ ರುಬ್ಬಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿಡಿ. ಏಪ್ರಿಲ್‌ನಲ್ಲಿ ರಾತ್ರಿ ಮಲಗುವ ಮುಂಚೆ ರುಬ್ಬಿ, ಎದ್ದ ಕೂಡಲೇ ಫ್ರಿಜ್ಜಿಗಿಡಿ.

ಪುರುಸೊತ್ತಿಲ್ಲದ ವಾರ ಪ್ಯಾಕೆಟ್ ಹಿಟ್ಟು ತನ್ನಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ತರಬೇಕೆಂದು ನೆನಪಿಡುವ ಕೆಲಸವೂ ಹಿಟ್ಟಿನ ಪಾಲು ಹೊತ್ತವರದೇ. ಪ್ಯಾಕ್ ಮಾಡಿದ ತಾರೀಖು ನೋಡಿ. ಉಬ್ಬಿದ ಪ್ಯಾಕೆಟ್ ಎಂದರೆ ಹುಳಿ ಮುಂದುವರಿದಿದೆ: ಬೇಡ. ಉಳಿದ ಸಾಮಾನೆಲ್ಲ ತೆಗೆದುಕೊಂಡ ಮೇಲೆ ಕೊನೆಯಲ್ಲಿ ಎತ್ತಿಕೊಳ್ಳಿ, ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆಚ್ಚಗಾದರೆ ಬಾಳಿಕೆ ಹೋಯಿತು.

ಮೊದಲ ಕೆಲವು ವಾರ ಹಿಟ್ಟು ಕೆಡಬಹುದು. "ಬಿಡಿ, ನಾನೇ ಮಾಡ್ತೀನಿ" ಅಂತ ಹೆಂಡತಿ ಆಗ ಕೈಹಾಕಬಾರದು, ಅತ್ತೆಯೂ ಅಷ್ಟೇ. ಹುಳಿ ಜಾಸ್ತಿಯಾದ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ, ಎರಡು ಚಮಚ ಅಕ್ಕಿ ಹಿಟ್ಟು ಬೆರೆಸಿ ಪಡ್ಡು ಮಾಡಲಿ.