‘ಅತ್ತೆ ಬಂತು’ ಎಂದೇ ಅಚ್ಚಾಗಬೇಕು

ಅರೆಭಾಷೆ, ಹವ್ಯಕ, ತುಳು, ಬ್ಯಾರಿ ಮುಂತಾದ ಮನೆಮಾತುಗಳನ್ನು ಅಚ್ಚು ಹಾಕುವ ನಮ್ಮ ವಿದ್ಯಾರ್ಥಿ ತ್ರೈಮಾಸಿಕದ ಹನ್ನೊಂದನೆಯ ಸಂಚಿಕೆ ಹೊರಬಂದಿದೆ. ನೂರ ಅರುವತ್ತು ಪ್ರತಿಗಳಲ್ಲಿ ಉಳಿದದ್ದು ನಾಲ್ಕು, ಅವೂ ನಾನೇ ಅಡಗಿಸಿಟ್ಟವು. “ಅರೆಭಾಷೆ, ಹವ್ಯಕ, ಬ್ಯಾರಿ ಎಂದೆಲ್ಲ ಅಚ್ಚು ಹಾಕಿದರೆ ಓದುವವರು ಯಾರು ಮಾರಾಯ?” ಎಂದು ಮೂರು ವರ್ಷಗಳ ಹಿಂದೆ ಕೇಳಿದ್ದ ಉಪನ್ಯಾಸಕರು ಈಗ ನಮ್ಮ ಚಂದಾದಾರರು. ಅಷ್ಟು ಧೈರ್ಯ ಬಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಕಾಲೇಜು ಪತ್ರಿಕೆ ತಂದವರಿಗೆ ಪುಟದ ಲೆಕ್ಕ, ಕಾಗದದ ಅಳತೆ, ಕರಡು ತಿದ್ದುವುದು ಎಲ್ಲ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ.

ಮೊದಲ ಸಂಚಿಕೆಯಲ್ಲಿ ನಾವು ಮುಳುಗಿದೆವು. ಆಫ್‌ಸೆಟ್‌ನಲ್ಲಿ 500 ಪ್ರತಿ, ಖರ್ಚು ಸುಮಾರು 34,000. ಜಾಹೀರಾತು ಕೊಡುತ್ತೇವೆ ಎಂದವರು ಇಪ್ಪತ್ತೆರಡು ಅಂಗಡಿಯವರು, ಸಾವಿರ ರೂಪಾಯಿ ಕೈಗಿಟ್ಟವರು ಒಂಬತ್ತೇ ಮಂದಿ. ಕಾಲೇಜಿನಿಂದ ಹತ್ತು ಸಾವಿರ ಬಂತು, ಮಾರಾಟದಿಂದ ಮೂರು. ಉಳಿದ ಹನ್ನೆರಡು ಸಾವಿರ ನನ್ನ ಮತ್ತು ಇಬ್ಬರು ಗೆಳೆಯರ ತಲೆಗೆ. ಮೆಟ್ಟಿಲ ಕೆಳಗಿದ್ದ ಕಟ್ಟುಗಳನ್ನು ಮಳೆಗಾಲದಲ್ಲಿ ಬಿಚ್ಚಿದಾಗ ಗೆದ್ದಲು ನಮಗಿಂತ ಮೊದಲೇ ಓದಿ ಮುಗಿಸಿತ್ತು.

ಹಣಕ್ಕಿಂತ ದೊಡ್ಡ ಸೋಲು ಒಳಗಿನ ಪುಟಗಳಲ್ಲಿತ್ತು. ‘ಮನೆಮಾತಿನಲ್ಲಿ ಬರೆಯಿರಿ’ ಎಂದು ಸೂಚನಾ ಫಲಕದಲ್ಲಿ ಹಾಕಿದರೆ ಬಂದದ್ದು ನಲವತ್ತು ಕವಿತೆ. ಎಲ್ಲವೂ ಪಠ್ಯಪುಸ್ತಕದ ಕನ್ನಡ, ಎಲ್ಲದರಲ್ಲೂ ಮಳೆ, ಅಮ್ಮ, ತಾಯ್ನಾಡು. ಹವ್ಯಕದಲ್ಲಿ ಬಂದದ್ದು ಒಂದೇ ಒಂದು ಗದ್ಯ. ಅದರಲ್ಲಿ ‘ಅತ್ತೆ ಬಂತು’ ಎಂದಿದ್ದ ಕಡೆಯೆಲ್ಲ ನಾನು ‘ಅತ್ತೆ ಬಂದಳು’ ಎಂದು ತಿದ್ದಿದೆ. ಹದಿನಾಲ್ಕು ಕಡೆ ಇರಬಹುದು. ಹವ್ಯಕರ ಮನೆಯಲ್ಲಿ ಹೆಂಗಸರನ್ನು ನಪುಂಸಕ ಲಿಂಗದಲ್ಲೇ ಹೇಳುತ್ತಾರೆಂದು ಸಂಪಾದಕನಾದ ನನಗೆ ತಿಳಿದಿರಲಿಲ್ಲ. ಬರೆದವಳು ಪತ್ರಿಕೆ ತೆರೆದು, “ಇದು ಯಾರ ಅತ್ತೆ?” ಎಂದಷ್ಟೇ ಕೇಳಿದಳು. ಒಂದು ವರ್ಷ ಏನನ್ನೂ ಕೊಡಲಿಲ್ಲ.

ತುಳುವಿಗೆ ಬೇರೆ ಬಗೆಯ ಪೆಟ್ಟು ಬಿತ್ತು. ಕನ್ನಡ ಲಿಪಿಯಲ್ಲಿ ತುಳು ಬರೆಯುವಾಗ ಪದದ ಕೊನೆಯಲ್ಲಿ ಪೂರ್ತಿ ಉಚ್ಚರಿಸದ ಆ ಅರ್ಧ ಉಕಾರಕ್ಕೆ ಅರ್ಧಾಕ್ಷರ ಹಾಕುತ್ತೇವೆ. ಗಣಕದಲ್ಲಿ ಅಕ್ಷರ ಜೋಡಿಸಿದವರು ಅದನ್ನು ಬೆರಳಚ್ಚಿನ ತಪ್ಪೆಂದು ತಿಳಿದು, ಪಾಪ, ಎಲ್ಲದಕ್ಕೂ ಕೊಂಬು ಕೊಟ್ಟರು. ಆಸ್ಕಿ ಎಂಬ ಹಳೆಯ ಅಕ್ಷರ ಸಂಕೇತದಿಂದ ಈಗಿನ ಯೂನಿಕೋಡ್‌ಗೆ ತಂದಾಗ ‘ಮಲ್ತ್‌ದ್’ (‘ಮಾಡಿ’) ಎಂಬುದು ಒತ್ತಕ್ಷರಗಳ ಗುಡ್ಡೆಯಾಯಿತು. ನಡುವೆ ಒತ್ತು ತಡೆಯುವ ಆ ಕಾಣದ ಚಿಹ್ನೆಯನ್ನು ಹಾಕಲು ಕಲಿಯುವುದಕ್ಕೇ ಎರಡು ಸಂಚಿಕೆ ಹಿಡಿಯಿತು. ‘ಯಾನ್ ಬತ್ತೆ’ (ನಾನು ಬಂದೆ), ‘ಆಯೆ ಬತ್ತೆ’ (ಅವನು ಬಂದ) ಎರಡರ ಕೊನೆಯ ಸ್ವರ ಬೇರೆ ಬೇರೆ, ಬರೆದರೆ ಒಂದೇ. ಬಾಯಿ ಅಗಲಿಸಿ ಹೇಳುವ ‘ಎ’ಗೆ ಮೇಲೊಂದು ಚುಕ್ಕೆ ಇಟ್ಟು ನೋಡಿದೆವು. ಶಾಯಿ ಸಿಡಿದಿದೆ ಎಂದು ಓದುಗರು ದೂರಿದರು, ಕೈಬಿಟ್ಟೆವು.

ಆಮೇಲೆ ಕಣ್ಣಿನಿಂದ ತಿದ್ದುವುದನ್ನು ನಿಲ್ಲಿಸಿ ಕಿವಿಯಿಂದ ತಿದ್ದಲು ಶುರುಮಾಡಿದೆವು. ಬರೆದು ಕೊಡಿ ಎಂದು ಯಾರನ್ನೂ ಕೇಳುವುದಿಲ್ಲ. ಮನೆಯಲ್ಲಿ ಹಿರಿಯರು ಹೇಳುವುದನ್ನು ಮೊಬೈಲ್‌ನಲ್ಲಿ ಹಿಡಿದು, ಕೇಳಿದ ಹಾಗೆ ಬರೆದುಕೊಳ್ಳುವುದು. ಪ್ರತಿ ಬರಹಕ್ಕೆ ಇಬ್ಬರು ಸಂಪಾದಕರು: ಒಬ್ಬರು ಆ ಮಾತಿನವರು, ಇನ್ನೊಬ್ಬರು ಅದರ ಗಂಧವಿಲ್ಲದವರು. ಗೊತ್ತಿಲ್ಲದವರು ಗಟ್ಟಿಯಾಗಿ ಓದುತ್ತಾರೆ, ಗೊತ್ತಿದ್ದವರು ಕಣ್ಣು ಮುಚ್ಚಿ ಕೇಳುತ್ತಾರೆ. ನಗಬಾರದ ಜಾಗದಲ್ಲಿ ನಕ್ಕರೆ ಅಲ್ಲಿ ಬರವಣಿಗೆ ತಪ್ಪಿದೆ ಎಂದು ಅರ್ಥ. ಇದಕ್ಕಿಂತ ಒಳ್ಳೆಯ ಕರಡು ತಿದ್ದುವ ವಿಧಾನವನ್ನು ನಾನಂತೂ ಕಂಡಿಲ್ಲ. ‘ಕತೆ ಹೇಳಿ’ ಎಂದರೆ ಮಾತ್ರ ಯಾವ ಅಜ್ಜಿಯೂ ಬಾಯಿ ಬಿಡುವುದಿಲ್ಲ. ಬಿಡಿಸುವ ಪ್ರಶ್ನೆ ಒಂದಿದೆ, ಅದನ್ನು ಮುಂದಿನ ಸಂಪಾದಕರಿಗಷ್ಟೇ ಹೇಳಿ ಹೋಗುತ್ತೇನೆ.

ಖರ್ಚು ಇಳಿದದ್ದು ರಿಸೋ ಯಂತ್ರದಿಂದ. ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಯಂತ್ರ ಪರೀಕ್ಷೆಗಳ ನಡುವೆ ಸುಮ್ಮನೆ ಮಲಗಿರುತ್ತದೆ. ಅನುಮತಿ ಪಡೆಯಲು ಮೂರು ತಿಂಗಳು ಅಲೆದೆ. 64 ಪುಟಕ್ಕೆ ನಡುವೆ ಮಡಚಿದ ಎ4ನ 16 ಹಾಳೆ, ಹಾಳೆಯ ಒಂದೊಂದು ಮಗ್ಗುಲಿಗೆ ಒಂದರಂತೆ 32 ಮಾಸ್ಟರ್, ಅಂದರೆ ಅಚ್ಚುಪ್ರತಿ. ಕಾಗದ, ಶಾಯಿ, ಉದ್ದ ಕೈಯ ಸ್ಟೇಪ್ಲರ್‌ನ ಪಿನ್, ಕತೆ ಹೇಳಿದವರಿಗೆ ನೂರು ನೂರು ರೂಪಾಯಿ, ಎಲ್ಲ ಸೇರಿ ಒಂದು ಸಂಚಿಕೆ ಆರೂವರೆ ಸಾವಿರದೊಳಗೆ ಮುಗಿಯುತ್ತದೆ. ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿ ಹಿಂದಿನ ಪುಟ ಇಣುಕಿ ನೋಡುತ್ತದೆ, 80 ಬೇಕು. ಒಂದು ಮಗ್ಗುಲು ಅಚ್ಚಾದ ಮೇಲೆ ಒಂದು ರಾತ್ರಿ ಬಿಡಬೇಕು. ಹೊಳಪಿನ ಕಾಗದದ ಹತ್ತಿರ ಹೋಗಲೇಬೇಡಿ, ಶಾಯಿ ಒಣಗುವುದೇ ಇಲ್ಲ. ಮೂರನೆಯ ಸಂಚಿಕೆಯ ರಕ್ಷಾಪುಟದ ಯಕ್ಷಗಾನ ವೇಷದ ಅರ್ಧ ಭಾಗ ಓದುಗರ ಹೆಬ್ಬೆರಳಿಗೆ ಹೋಯಿತು. ಆ ನಂತರ ರಕ್ಷಾಪುಟಕ್ಕೆ ಒರಟು ಕಾಗದ ಮತ್ತು ಲಿನೋ ಕೆತ್ತನೆ, ಅಂದರೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ ಶಾಯಿ ಹಚ್ಚಿ ಒತ್ತಿದ ಚಿತ್ರ.

ನಡುವೆ ಹುಚ್ಚಾಟಗಳೂ ನಡೆದವು. ಅಡಿಕೆಯ ಊರಿನವರಲ್ಲವೇ, ಹಾಳೆಗೆ ಹಾಳೆಯದೇ ಹೊದಿಕೆ ಹಾಕೋಣ ಎಂದು ಅಡಿಕೆ ಸೋಗೆಯ ಬುಡದ ಹಾಳೆಯನ್ನು ನೆನೆಸಿ, ತಟ್ಟೆ ಮಾಡುವ ಘಟಕದಲ್ಲಿ ಒತ್ತಿಸಿ ಹನ್ನೆರಡು ಪ್ರತಿ ಮಾಡಿದೆವು. ಪಿನ್ ಬಾಗಿತು, ಗೋಣಿ ಹೊಲಿಯುವ ಸೂಜಿ ತಂದೆವು. ಆಷಾಢದಲ್ಲಿ ಬೂಷ್ಟು ಹಿಡಿಯಿತು. ತುಳು ಲಿಪಿಯಲ್ಲಿ ಶೀರ್ಷಿಕೆ ಬೇಕೆಂದು ಇನ್ನೊಬ್ಬ ಹಟ ಹಿಡಿದ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್‌ಗೆ ಸೇರಿತಾದರೂ ನಮ್ಮ ಗಣಕದಲ್ಲಿ ಬರೀ ಚೌಕಗಳು. ಅವನೇ ಲಿನೋದಲ್ಲಿ ಕೆತ್ತಿದ, ಚೆನ್ನಾಗಿ ಬಂತು.

ಜಾಹೀರಾತು ಪೂರ್ತಿ ಬಿಟ್ಟೆವು. ನಾಲ್ಕು ಸಂಚಿಕೆಗೆ 200 ರೂಪಾಯಿ ಮುಂಗಡ ಚಂದಾ, ಈಗ 140 ಮಂದಿ ಇದ್ದಾರೆ. ಮೊದಲ ನಲವತ್ತು ಮಂದಿಯನ್ನು ಹೇಗೆ ಹಿಡಿದೆವೆಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ, ಅಡಿಕೆ ಮಂಡಿಗೂ ಅದಕ್ಕೂ ಸಂಬಂಧವಿದೆ. ಹಳೆಯ ಸಾಲ ಹತ್ತನೆಯ ಸಂಚಿಕೆಗೆ ತೀರಿತು. ಹಳ್ಳಿಯ ಪ್ರತಿಗಳು ಬಸ್ಸಿನಲ್ಲಿ ಹೋಗುತ್ತವೆ. ಒಂದು ಬಸ್ಸಿನ ಕಂಡಕ್ಟರ್ ಮನೆಯಲ್ಲಿ ಅರೆಭಾಷೆ. ಅವರು ಕಟ್ಟಿನಿಂದ ತಮಗೊಂದು ಪ್ರತಿ ಎಳೆದುಕೊಂಡು ಬಾಡಿಗೆ ಕೇಳುವುದಿಲ್ಲ. ನಾವು ಲೆಕ್ಕದ ಪುಸ್ತಕದಲ್ಲಿ ‘ಸಾಗಾಟ ವೆಚ್ಚ: ಪ್ರತಿ ಒಂದು’ ಎಂದು ಬರೆದುಕೊಳ್ಳುತ್ತೇವೆ.